ಮೂವತ್ತು ವರ್ಷ ಬೋರ್ಡೋ ಹೊಡೆದ ಅಡಿಕೆ ತೋಟ: ಮಣ್ಣಲ್ಲಿ ಕೂತ ತಾಮ್ರವನ್ನು ಏನು ಮಾಡೋದು?

ಸಾಗರ ಸೀಮೆ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮದು ಹಳೆ ಅಡಿಕೆ ತೋಟ. ಅಪ್ಪನ ಕಾಲದಿಂದಲೂ ಮಳೆ ಶುರುವಾಗೋಕೆ ಮುಂಚೆ ಒಂದು, ನಡುವೆ ಒಂದು, ಮಳೆ ಬಿಡದಿದ್ದರೆ ಇನ್ನೊಂದು, ಹೀಗೆ ಬೋರ್ಡೋ ಹೊಡೆಯುತ್ತಲೇ ಬಂದಿದ್ದೇವೆ. ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಔಷಧಿ ಅದು, ಮಳೆಗೆ ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ. ಮಳೆಗಾಲದಲ್ಲಿ ಮರದ ಬುಡದಿಂದ ಬಾಳೆ ಎಲೆವರೆಗೆ ಎಲ್ಲಾ ನೀಲಿ.

ಹೋದ ವರ್ಷ ಸತ್ತ ಮರಗಳ ಜಾಗಕ್ಕೆ ಸಸಿ ನೆಟ್ಟೆವು. ಏಳುತ್ತಲೇ ಇಲ್ಲ. ಹೊಸ ಎಲೆ ಬಿಳಿಚಿಕೊಂಡಿದೆ. ಒಂದು ಸಸಿ ಕಿತ್ತು ಬೇರು ತೊಳೆದು ನೋಡಿದೆ. ಬೇರು ಗಿಡ್ಡ, ದಪ್ಪ, ಕಂದು ಬಣ್ಣ. ಸಣ್ಣ ಕವಲು ಬೇರು ಇಲ್ಲವೇ ಇಲ್ಲ ಅನ್ನಬಹುದು. ಅದೇ ನರ್ಸರಿಯ ಸಸಿ ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಹೊಸ ತೋಟದಲ್ಲಿ ಚೆನ್ನಾಗಿ ಬಂದಿದೆ. ಅದೇ ಗೊಬ್ಬರ, ಅದೇ ನೀರು.

ಹಳೆ ತೋಟದ ಮಣ್ಣಿನ ಕಾರ್ಡ್ ತೆಗೆದು ನೋಡಿದೆ. ರಸಸಾರ (ಪಿಎಚ್) 5.1 ಇದೆ, ಅಂದರೆ ಹುಳಿ ಮಣ್ಣು. ತಾಮ್ರದ ಮುಂದೆ "ಸಾಕಷ್ಟಿದೆ" ಅಂತ ಬರೆದಿದ್ದಾರೆ, ಅಷ್ಟೇ. ಪಕ್ಕದ ತೋಟದವರು ಇದು ಮೈಲುತುತ್ತಿನದ್ದೇ ಕೆಲಸ ಅಂತಾರೆ. ಗೊಬ್ಬರದ ಅಂಗಡಿಯಲ್ಲಿ ಮಣ್ಣಿನ ವಿಷ ತಿನ್ನುವ ಬ್ಯಾಕ್ಟೀರಿಯಾ ಬಂದಿದೆ, ಬಿಟ್ಟು ನೋಡಿ ಅಂತಾರೆ. ಗೊತ್ತಿದ್ದವರು ಹೇಳಿ. ಇದು ತಾಮ್ರವೇನಾ? ಹೌದಾದರೆ ತೆಗೆಯೋದು ಹೇಗೆ?

ಮಣ್ಣು ಲ್ಯಾಬ್, ಶಿವಮೊಗ್ಗ

ನೀವು ಬರೆದ ಬೇರಿನ ಲಕ್ಷಣ ಓದಿದ ಕೂಡಲೇ ನನಗೂ ತಾಮ್ರದ ಅನುಮಾನವೇ ಬಂತು. ತಾಮ್ರ ಜಾಸ್ತಿಯಾದರೆ ಮೊದಲು ಕೆಡೋದು ಬೇರಿನ ತುದಿ. ಎಲೆ ಬಿಳಿಚೋದು ಆಮೇಲೆ. ಬೇರಿಗೆ ಕಬ್ಬಿಣ ಎಳೆದುಕೊಳ್ಳಲು ಆಗದೆ ಹಾಗಾಗುತ್ತದೆ. ಆದರೆ ರಸಸಾರ 5.1ರ ಮಣ್ಣಿನಲ್ಲಿ ಅಲ್ಯೂಮಿನಿಯಂ ಕೂಡ ಬೇರನ್ನು ಗಿಡ್ಡ ಮಾಡುತ್ತದೆ. ಹಾಗಾಗಿ ಪರೀಕ್ಷೆ ಮಾಡಿಸದೆ ತೀರ್ಮಾನ ಬೇಡ.

ಕಾರ್ಡಿನ ವಿಷಯ ಮೊದಲು ಹೇಳುತ್ತೇನೆ, ಯಾಕಂದರೆ ಇದು ತುಂಬಾ ಜನರಿಗೆ ಗೊತ್ತಿಲ್ಲ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ನೋಡುತ್ತಾರೆ. ಅದರಲ್ಲಿ ತಾಮ್ರವೂ ಒಂದು. ಆದರೆ ಅಲ್ಲಿ ಕೇಳುವ ಪ್ರಶ್ನೆ ಒಂದೇ: ಬೆಳೆಗೆ ತಾಮ್ರ ಕಮ್ಮಿ ಬಿದ್ದಿದೆಯಾ? ಗಿಡಕ್ಕೆ ಸಿಗುವ ತಾಮ್ರ ಕೆಜಿ ಮಣ್ಣಿಗೆ 0.2 ಮಿಲಿಗ್ರಾಂ ದಾಟಿದರೆ ಸಾಕು, ಸಾಕಷ್ಟಿದೆ ಅಂತ ಬರುತ್ತದೆ. 0.5 ಇದ್ದರೂ ಅದೇ ಮಾತು, 50 ಇದ್ದರೂ ಅದೇ ಮಾತು. ಮೇಲಿನ ಗೆರೆ ಅಂತ ಒಂದಿಲ್ಲವೇ ಇಲ್ಲ. ಕೊರತೆ ಹುಡುಕೋಕೆ ಮಾಡಿದ ಪರೀಕ್ಷೆ ಅದು. ವಿಷ ಹುಡುಕೋಕಲ್ಲ. ಅಡಿಕೆ, ಕಾಫಿ, ದ್ರಾಕ್ಷಿ ಬೆಳೆಯುವವರ ಕಾರ್ಡಿನಲ್ಲಾದರೂ ಈ ಮೇಲಿನ ಗೆರೆ ಇರಲೇಬೇಕು ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ.

ಈಗ ಲೆಕ್ಕ. 100 ಲೀಟರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಮೈಲುತುತ್ತಿನಲ್ಲಿ ಕಾಲು ಭಾಗ ತಾಮ್ರ. ಎಕರೆಗೆ ಒಂದು ಸಲಕ್ಕೆ ಎರಡು ಡ್ರಮ್, ಅಂದರೆ 400 ಲೀಟರ್ ಅಂತ ಹಿಡಿಯಿರಿ. 4 ಕೆಜಿ ತುತ್ತು, 1 ಕೆಜಿ ತಾಮ್ರ. ಮೂರು ಸಲ ಹೊಡೆದರೆ ವರ್ಷಕ್ಕೆ 3 ಕೆಜಿ. ಅಡಿಕೆ ಕೊನೆಗೆ (ಗೊಂಚಲಿಗೆ) ಹತ್ತಿದ್ದೂ ಮಳೆಗೆ ತೊಳೆದು ಕಡೆಗೆ ಬುಡಕ್ಕೇ ಬರುತ್ತದೆ. ತಾಮ್ರ ಮಣ್ಣಿಗೆ ಗಟ್ಟಿಯಾಗಿ ಅಂಟುವ ಲೋಹ, ಹಾಗಾಗಿ ಮೇಲಿನ ಅರ್ಧ ಅಡಿಯಲ್ಲೇ ಉಳಿಯುತ್ತದೆ. ಒಂದು ಎಕರೆಯ ಅರ್ಧ ಅಡಿ ಮಣ್ಣಿನ ತೂಕ ಸುಮಾರು 8 ಲಕ್ಷ ಕೆಜಿ. ಭಾಗಿಸಿದರೆ ವರ್ಷಕ್ಕೆ ಕೆಜಿ ಮಣ್ಣಿಗೆ ಮೂರೂಮುಕ್ಕಾಲು ಮಿಲಿಗ್ರಾಂ. ಮೂವತ್ತು ವರ್ಷಕ್ಕೆ 110ರ ಆಸುಪಾಸು. ಮಣ್ಣಿನಲ್ಲಿ ಮೊದಲೇ ಇದ್ದ ತಾಮ್ರ ಇದಕ್ಕೆ ಸೇರದು. ಸ್ವಲ್ಪ ಕೊಚ್ಚಿ ಹೋಗುತ್ತದೆ, ಒಪ್ಪುತ್ತೇನೆ. ಆದರೆ ಅಡಿಕೆ ಕೊಯ್ಲಿನ ಜೊತೆ ಹೊರಗೆ ಹೋಗುವ ತಾಮ್ರ ಬರೀ ಗ್ರಾಂ ಲೆಕ್ಕದ್ದು.

ಹೋಲಿಸಿ ನೋಡೋಕೆ: ಕೆನಡಾದವರು ಕೃಷಿ ಭೂಮಿಗೆ ಇಟ್ಟುಕೊಂಡ ಮಿತಿ ಕೆಜಿ ಮಣ್ಣಿಗೆ 63 ಮಿಲಿಗ್ರಾಂ.

ಸುಳ್ಯ ಕಡೆಯವ

ಲೆಕ್ಕ ಸರಿ ಇರಬಹುದು ಮೇಡಂ. ಆದರೆ ನಮ್ಮಲ್ಲಿಗೆ ಬಂದು ಜುಲೈ ತಿಂಗಳ ಮಳೆ ನೋಡಿ. 2018ರಲ್ಲಿ ಮದ್ದು ಬಿಡೋಕೆ ಒಂದು ದಿನ ಬಿಸಿಲು ಸಿಗಲಿಲ್ಲ. ಎಳೆ ಅಡಿಕೆ ಬುಡದಲ್ಲಿ ಹಾಸಿದ ಹಾಗೆ ಬಿದ್ದಿತ್ತು. ಅರ್ಧಕ್ಕರ್ಧ ಬೆಳೆ ಹೋದವರು ಎಷ್ಟೋ ಮಂದಿ. ಬೋರ್ಡೋ ಬಿಡಿ ಅಂತ ಹೇಳೋದು ಸುಲಭ ಮಾರಾಯ್ರೆ, ಸಾಲ ಕಟ್ಟುವವರು ಯಾರು? ಮೈಲುತುತ್ತು ಇದ್ದದ್ದರಿಂದಲೇ ನಮ್ಮ ಕಡೆ ತೋಟ ಉಳಿದಿದೆ.

ಮತ್ತೆ ಇದು ಸಾವಯವದವರೂ ಬಳಸುವ ಮದ್ದು. ಅದನ್ನು ಎಂಡೋಸಲ್ಫಾನ್ ಸಾಲಿಗೆ ಸೇರಿಸಬೇಡಿ.

ಮಣ್ಣು ಲ್ಯಾಬ್, ಶಿವಮೊಗ್ಗ

ಅಣ್ಣ, ಬೋರ್ಡೋ ಬಿಡಿ ಅಂತ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಕೊಳೆರೋಗಕ್ಕೆ ಅದರಷ್ಟು ನೆಚ್ಚಬಹುದಾದ ಔಷಧಿ ಕಮ್ಮಿ. ಮೆಟಲಾಕ್ಸಿಲ್ ತರದ ಔಷಧಿಗಳಿಗೆ ಈ ಜಾತಿಯ ರೋಗಾಣು ಬೇಗ ಒಗ್ಗಿಕೊಳ್ಳುತ್ತದೆ. ತಾಮ್ರಕ್ಕೆ ಹಾಗೆ ಒಗ್ಗೋದು ಕಷ್ಟ.

ಎಂಡೋಸಲ್ಫಾನ್ ಮಾತು ತೆಗೆದಿದ್ದು ಒಳ್ಳೆಯದಾಯಿತು. ನಿಮ್ಮ ಪಕ್ಕದ ಕಾಸರಗೋಡು, ಪುತ್ತೂರು, ಬೆಳ್ತಂಗಡಿ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ್ದು, ಜನ ಪಟ್ಟ ಪಾಡು, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿದ್ದು ಎಲ್ಲಾ ನಮಗೆ ಗೊತ್ತು. ಮನುಷ್ಯರ ಮೇಲಿನ ಕೇಡಿನಲ್ಲಿ ತಾಮ್ರ ಅದರ ಹತ್ತಿರಕ್ಕೂ ಬರೋದಿಲ್ಲ. ಆದರೆ ಮಣ್ಣಿನ ಮಟ್ಟಿಗೆ ಒಂದು ವ್ಯತ್ಯಾಸ ಇದೆ. ಎಂಡೋಸಲ್ಫಾನ್ ಇಂಗಾಲದಿಂದ ಕಟ್ಟಿದ ವಸ್ತು. ನಿಧಾನಕ್ಕಾದರೂ ಒಡೆಯುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಮುರಿಯುತ್ತವೆ. ತಾಮ್ರ ಮೂಲಧಾತು. ಅದನ್ನು ಒಡೆದು ಬೇರೆ ಏನೋ ಮಾಡೋಕೆ ಯಾವ ಜೀವಿಗೂ ಆಗೋದಿಲ್ಲ. 1990ರಲ್ಲಿ ಬಿದ್ದ ತಾಮ್ರ ಇವತ್ತಿಗೂ ತಾಮ್ರವೇ.

ಸಾಗರದವರೇ, ನಿಮ್ಮ ಅಂಗಡಿಯ ಬಾಟಲಿಗೂ ಇದೇ ಉತ್ತರ. ಎಣ್ಣೆ ಚೆಲ್ಲಿದ ನೆಲಕ್ಕೆ, ಕೆಲವು ಕೀಟನಾಶಕಕ್ಕೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತದೆ. ತಾಮ್ರಕ್ಕೆ ದುಡ್ಡು ಹಾಕಬೇಡಿ.

ಹಸಿರು ಮನೆ

ಸಾಸಿವೆ, ಸೂರ್ಯಕಾಂತಿ ಬೆಳೆಸಿದರೆ ಮಣ್ಣಿನ ಲೋಹ ಹೀರಿಕೊಳ್ಳುತ್ತದೆ ಅಂತ ವಿಡಿಯೋದಲ್ಲಿ ನೋಡಿದ್ದೆ. ಗಿಡ ಕಿತ್ತು ಹೊರಗೆ ಹಾಕಿದರೆ ಆಯಿತಂತೆ. ಅದು ಅಡಿಕೆ ತೋಟಕ್ಕೆ ಆಗುತ್ತಾ?

ಮಣ್ಣು ಲ್ಯಾಬ್, ಶಿವಮೊಗ್ಗ

ಕೇಳೋಕೆ ಚೆಂದ ಇದೆ, ಆದರೆ ಲೆಕ್ಕ ಕೂಡೋದಿಲ್ಲ. ಎಕರೆಗೆ 3 ಟನ್ ಒಣ ಸಾಸಿವೆ ಗಿಡ ಬಂತು ಅಂತಲೇ ಇಟ್ಟುಕೊಳ್ಳಿ. ಕೆಜಿ ಗಿಡದಲ್ಲಿ 50 ಮಿಲಿಗ್ರಾಂ ತಾಮ್ರ ಅಂತ ಧಾರಾಳವಾಗಿಯೇ ಹಿಡಿದರೂ ಒಂದು ಬೆಳೆಗೆ ಹೊರಗೆ ಹೋಗೋದು 150 ಗ್ರಾಂ. ಮಣ್ಣಲ್ಲಿ ಕೂತಿರೋದು 90 ಕೆಜಿ. 600 ಬೆಳೆ ತೆಗೆಯಬೇಕು. ಒಂದು ಸಲ ಬೋರ್ಡೋ ಹೊಡೆದರೆ ಆರೇಳು ಬೆಳೆಯ ಶ್ರಮ ವಾಪಸ್. ಅಡಿಕೆ ನೆರಳಲ್ಲಿ ಸಾಸಿವೆ ಬರೋದೂ ಇಲ್ಲ.

ಲೋಹ ಹೆಚ್ಚು ಹೀರಲಿ ಅಂತ ಇಡಿಟಿಎ ಅನ್ನೋ ರಾಸಾಯನಿಕ ಹಾಕಿ ತಾಮ್ರ ಸಡಿಲ ಮಾಡುವ ವಿಧಾನವೂ ಇದೆ. ನಮ್ಮ ಮಲೆನಾಡಿನಲ್ಲಿ ಅದನ್ನು ಮಾಡಲೇಬೇಡಿ. ಸಡಿಲವಾದ ತಾಮ್ರ ಗಿಡಕ್ಕೆ ಹೋಗುವ ಮೊದಲು ಮಳೆನೀರಿನ ಜೊತೆ ಬಾವಿಗೆ, ಹಳ್ಳಕ್ಕೆ ಹೋಗುತ್ತದೆ. ಮೀನಿಗೆ, ಕಪ್ಪೆಮರಿಗೆ ತಾಮ್ರ ತುಂಬಾ ಕಡಿಮೆ ಪ್ರಮಾಣದಲ್ಲೇ ವಿಷ. ಈಗ ಅದು ಮಣ್ಣಿಗೆ ಅಂಟಿಕೊಂಡು ಕೂತಿದೆಯಲ್ಲ, ಅದೇ ನಮಗೆ ಇರುವ ಅನುಕೂಲ.

ಮಣ್ಣು ಅಗೆದು ಸಾಗಿಸೋದು, ತೊಳೆಯೋದು ಎಲ್ಲಾ ಕಾರ್ಖಾನೆಯ ಅಂಗಳಕ್ಕೆ ಸರಿ. ತೋಟದಲ್ಲಿ ಆಗುವ ಕೆಲಸ ಎರಡೇ. ಇನ್ನು ಮುಂದೆ ಬೀಳೋದನ್ನು ಕಮ್ಮಿ ಮಾಡೋದು. ಬಿದ್ದಿರೋದು ಬೇರಿಗೆ ಸಿಗದ ಹಾಗೆ ಕಟ್ಟಿಹಾಕೋದು. ಕಟ್ಟಿಹಾಕೋಕೆ ಸುಣ್ಣ ಮತ್ತು ಕಳಿತ ಗೊಬ್ಬರ. ರಸಸಾರ ಐದರಿಂದ ಆರು, ಆರೂವರೆಗೆ ಏರಿದರೆ ಮಣ್ಣಿನ ನೀರಿನಲ್ಲಿ ಓಡಾಡುವ ತಾಮ್ರ ತುಂಬಾ ಇಳಿಯುತ್ತದೆ. ಅಲ್ಯೂಮಿನಿಯಂ ಕಾಟವೂ ಅದರಿಂದಲೇ ಹೋಗುತ್ತದೆ. ಕಾಂಪೋಸ್ಟು, ಸೊಪ್ಪಿನ ಗೊಬ್ಬರ ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ.

ಮೋಸೆಲ್ ದಂಡೆ

ನಾನು ಮೂಲತಃ ಶೃಂಗೇರಿ ಕಡೆಯವನು, ಈಗ ಜರ್ಮನಿಯಲ್ಲಿ ಇದ್ದೇನೆ. ಸುತ್ತ ದ್ರಾಕ್ಷಿ ತೋಟಗಳು. ಇಲ್ಲಿ ಇದು ದೊಡ್ಡ ಚರ್ಚೆ, ಅದಕ್ಕೇ ಬರೆಯುತ್ತಿದ್ದೇನೆ.

ಬೋರ್ಡೋ ಹುಟ್ಟಿದ್ದೇ ದ್ರಾಕ್ಷಿಗೆ, ಫ್ರಾನ್ಸಿನಲ್ಲಿ, 1885ರ ಸುಮಾರಿಗೆ. ನೂರು ವರ್ಷಕ್ಕೂ ಜಾಸ್ತಿ ಹೊಡೆದ ತೋಟಗಳಲ್ಲಿ ಕೆಜಿ ಮಣ್ಣಿಗೆ 200 ಮಿಲಿಗ್ರಾಂ ದಾಟಿದ್ದೂ ಇದೆ. ಯುರೋಪಿನ ಎಲ್ಲಾ ತರದ ಭೂಮಿಯ ಸರಾಸರಿ 17ರ ಹತ್ತಿರ, ದ್ರಾಕ್ಷಿ ತೋಟಗಳದ್ದು 49. 2019ರಿಂದ ಇಲ್ಲಿ ಕಾನೂನು ಬಿಗಿಯಾಗಿದೆ. ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರ, ಅಷ್ಟೇ. ವರ್ಷಕ್ಕೆ ಸರಾಸರಿ 4. ಎಕರೆಗೆ ಲೆಕ್ಕ ಹಾಕಿದರೆ 1.6 ಕೆಜಿ. ಮೇಡಂ ಹೇಳಿದ ನಮ್ಮ ಲೆಕ್ಕ 3 ಕೆಜಿ. ಅಂದರೆ ಸುಮಾರು ಎರಡು ಪಟ್ಟು.

ಏಳು ವರ್ಷಕ್ಕೆ ಸೇರಿಸಿ ಲೆಕ್ಕ ಇಟ್ಟದ್ದು ನನಗೆ ಇಷ್ಟವಾಯಿತು. ಮಳೆ ಜಾಸ್ತಿಯಾದ ವರ್ಷ ಹೆಚ್ಚು ಹೊಡೆಯಬಹುದು, ಒಣ ವರ್ಷ ಉಳಿಸಬೇಕು. ನಮ್ಮ ಊರಿನ ಸೊಸೈಟಿಗಳು ಮೈಲುತುತ್ತು ಕೊಡುವಾಗ ಇಂಥದ್ದೊಂದು ಪುಸ್ತಕ ಇಡಬಹುದಲ್ವಾ? ಪಾಸ್‌ಬುಕ್ಕಿನ ತರ, ಎಕರೆಗೆ ಎಷ್ಟು ಕೆಜಿ ಹೋಯಿತು ಅಂತ.

ಶಿರಸಿ ಹಳಬ

ಸೊಸೈಟಿ ಪುಸ್ತಕದ ಮಾತು ಚೆನ್ನಾಗಿದೆ ತಮ್ಮಾ.

ನಮ್ಮ ಸೀಮೆಗೆ ಈ ಔಷಧಿ ಬಂದ ಕತೆ ಸ್ವಲ್ಪ ಹೇಳುತ್ತೇನೆ. ಕೋಲ್ಮನ್ ಅಂತ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಕೊಳೆ ಯಾವ ಶಿಲೀಂಧ್ರದಿಂದ ಬರುತ್ತದೆ ಅಂತ ಪತ್ತೆ ಹಚ್ಚಿ 1910ರಲ್ಲಿ ಬರೆದರು, ಬೋರ್ಡೋ ಹೊಡೆಯೋದನ್ನು ರೈತರಿಗೆ ತೋರಿಸಿಕೊಟ್ಟರು. ಅದಕ್ಕೂ ಮುಂಚೆ ಇದ್ದದ್ದು ಕೊಟ್ಟೆ, ಅಂದರೆ ಕೊನೆಗೆ ಹೊದಿಸುವ ಮುಚ್ಚಿಗೆ. ಮಳೆ ಹಿಡಿಯೋಕೆ ಮೊದಲು ಕೊನೆಗಾರ ಮರ ಹತ್ತಿ ಒಂದೊಂದು ಕೊನೆಗೂ ಕರಡದ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದ. ಕೊನೆ ಮೇಲೆ ನೀರು ಬೀಳದಿದ್ದರೆ ಕೊಳೆ ಎಲ್ಲಿಂದ ಬರಬೇಕು? ಆಮೇಲೆ ಪ್ಲಾಸ್ಟಿಕ್ ಕೊಟ್ಟೆಯೂ ಬಂತು. ಕಟ್ಟುವ ಕೊನೆಗಾರರೇ ಸಿಗದೆ ಬಿಟ್ಟುಹೋಯಿತು. ಎಲ್ಲಾ ಮರಕ್ಕೆ ಈಗ ಆಗೋದಿಲ್ಲ ಅಂತ ನನಗೂ ಗೊತ್ತು. ಆದರೆ ಪ್ರತಿ ವರ್ಷ ಮೊದಲು ಕೊಳೆ ಬರುವ ತಗ್ಗಿನ ಬಣ್ಣ (ತೋಟದ ಪಟ್ಟಿ) ಯಾವುದು ಅಂತ ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ. ಅಲ್ಲಿಗೆ ಮಾತ್ರ ಕಟ್ಟಿದರೂ ಮೂರನೇ ಔಷಧಿ ಉಳಿಯುತ್ತದೆ.

ಇನ್ನೊಂದು, ಮಣ್ಣು ಹಾಕೋದು. ಕೆಲವು ವರ್ಷಕ್ಕೊಮ್ಮೆ ತೋಟಕ್ಕೆ ಹೊಸ ಕೆಮ್ಮಣ್ಣು ಹಾಕಿ, ಅದರ ಮೇಲೆ ಸೊಪ್ಪು, ಗೊಬ್ಬರ ಹರಡೋದು ನಮ್ಮ ಹಿರಿಯರ ಪದ್ಧತಿ. ಈ ಚರ್ಚೆ ಓದುತ್ತಾ ಅನಿಸಿತು, ಅದರಿಂದ ತಾಮ್ರದ ಪದರ ಕೆಳಗೆ ಹೋಗಿ, ಮೇಲೆ ಹೊಸ ಬೇರಿಗೆ ಒಳ್ಳೆ ಮಣ್ಣು ಸಿಗುತ್ತಿತ್ತೇನೋ. ಮೇಡಂ ಹೇಳಬೇಕು.

ಮಣ್ಣು ಲ್ಯಾಬ್, ಶಿವಮೊಗ್ಗ

ನಿಜ ಅಜ್ಜಾ, ಹಾಗೇ ಆಗುತ್ತದೆ. ಅಡಿಕೆಯ ಗೊಬ್ಬರ ಹೀರುವ ಬೇರು ಹೆಚ್ಚಾಗಿ ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತದೆ. ಹೊಸ ಪದರ ಬಂದರೆ ಬೇರು ಅಲ್ಲಿಗೆ ಏರುತ್ತದೆ. ಆದರೆ ಕೆಮ್ಮಣ್ಣೂ ಹುಳಿ ಮಣ್ಣೇ. ಸುಣ್ಣ, ಗೊಬ್ಬರ ಇಲ್ಲದೆ ಬರೀ ಮಣ್ಣು ಹಾಕಿದರೆ ಪೂರ್ತಿ ಫಲ ಇಲ್ಲ. ಈಗ ಜೆಸಿಬಿ ತಂದು ಇಡೀ ಧರೆ ಕಡಿದು ಲಾರಿಗಟ್ಟಲೆ ಸುರಿಯುತ್ತಾರಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಗುಡ್ಡ ಜರಿಯುತ್ತದೆ, ಮೊದಲ ಮಳೆಗೆ ಅರ್ಧ ಮಣ್ಣು ಹಳ್ಳ ಸೇರುತ್ತದೆ.

ಕೆಜಿಎಫ್ ಹುಡುಗ

ನಮ್ಮ ಊರಿನ ಸಯನೈಡ್ ದಿಬ್ಬಗಳ ನೆನಪಾಯಿತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡಗಳು ಹಾಗೇ ಉಳಿದವು. ಬಿಸಿಲು ಗಾಳಿಗೆ ಸಯನೈಡ್ ಒಡೆದು ಹೋಗುತ್ತದೆ, ಲೋಹ ಮತ್ತು ಗಂಧಕದ ಉಪ್ಪು ಹೋಗೋದಿಲ್ಲ. ಗಾಳಿ ಬೀಸಿದರೆ ಮನೆಯೊಳಗೆಲ್ಲ ಧೂಳು. 13 ದಿಬ್ಬ, ಸಾವಿರ ಎಕರೆ ಜಾಗ. ಅದರಲ್ಲಿ ಉಳಿದ ಚಿನ್ನ ತೆಗೆಯೋಕೆ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಮತ್ತೆ ಅಗೆಯುವಾಗ ಧೂಳಿನ ಗತಿ ಏನು ಅಂತ ನಮಗೆ ಚಿಂತೆ. ನಿಮ್ಮದು ಇನ್ನೂ ಮರ ನಿಂತಿರುವ ನೆಲ. ಈಗಲೇ ಎಚ್ಚೆತ್ತಿದ್ದು ಒಳ್ಳೆಯದು ಅಣ್ಣ.

ಸುಳ್ಯ ಕಡೆಯವ

ಮೇಡಂ, ಬೀಳೋದನ್ನು ಕಮ್ಮಿ ಮಾಡೋದು ಅಂದಿರಲ್ಲ, ಅದರಲ್ಲಿ ನನ್ನ ಅನುಭವ ಹೇಳುತ್ತೇನೆ. ನಮ್ಮಲ್ಲಿ ಜೋರು ಮಳೆ ಅಂತ 100 ಲೀಟರಿಗೆ ಒಂದೂವರೆ, ಎರಡು ಕೆಜಿ ತುತ್ತು ಹಾಕುವವರು ಇದ್ದಾರೆ. ಸುಮ್ನೆ ದಂಡ. ಅಳತೆ ಜಾಸ್ತಿ ಮಾಡೋದಕ್ಕಿಂತ ಪಾಕ ಸರಿ ಬರಬೇಕು. ತುತ್ತಿನ ನೀರು ಬೇರೆ, ಸುಣ್ಣದ ನೀರು ಬೇರೆ ಮಾಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ತಿರುಗಿಸಬೇಕು. ಆಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯನ್ನು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಿ. ಪಾಕ ಮಾಡಿದ ದಿನವೇ ಬಿಟ್ಟು ಮುಗಿಸಬೇಕು. ರಾಳದ ಅಂಟು ಸೇರಿಸಿದರೆ ಕೊನೆ ಮೇಲೆ ನಿಲ್ಲುತ್ತದೆ.

ಈಗ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಿಂದಲೇ ಬಿಡುತ್ತೇವೆ. ಕೈ ಕುದುರುವ ತನಕ ಅರ್ಧ ಮದ್ದು ಕೆಳಗೇ ಬೀಳುತ್ತದೆ. ಕೊನೆ ಕಂಡ ಮೇಲೆ ಗೇಟ್‌ವಾಲ್ ತಿರುಗಿಸಿ, ಕೊನೆ ನೆನೆದ ಕೂಡಲೇ ನಿಲ್ಲಿಸುವ ಅಭ್ಯಾಸ ಮಾಡಿದರೆ ಡ್ರಮ್ಮು ಇನ್ನಷ್ಟು ಮರಕ್ಕೆ ಬರುತ್ತದೆ. ಬಿದ್ದ ಕೊಳೆ ಅಡಿಕೆ ಹೆಕ್ಕಿ ಹೊರಗೆ ಹಾಕೋದು, ಬಸಿಗಾಲುವೆ ಬಿಡಿಸೋದು, ಇದನ್ನೂ ತಪ್ಪಿಸಬಾರದು. ಫಾಸ್ಫೋನೇಟ್ ನಾನು ಕಾಳುಮೆಣಸಿಗೆ ಬಳಸುತ್ತೇನೆ, ಅದರಲ್ಲಿ ತಾಮ್ರ ಇಲ್ಲ. ಅಡಿಕೆಗೆ ಹೇಗೆ, ಯಾವ ಅಳತೆ ಅಂತ ವಿಟ್ಲದ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನಲ್ಲಿ ವಿಚಾರಿಸಿಯೇ ಶುರು ಮಾಡಬೇಕು ಅಂತಿದ್ದೇನೆ.

ಸಾಗರ ಸೀಮೆ

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಈಗ ನನ್ನ ತಲೆಯಲ್ಲಿ ಮೂರು ಪ್ರಶ್ನೆ ಉಳಿದಿದೆ. ಮಣ್ಣು ಎಲ್ಲಿಂದ ತೆಗೀಲಿ, ಲ್ಯಾಬಲ್ಲಿ ಏನು ಅಂತ ಕೇಳಲಿ? ಸಸಿಗಳಿಗೆ ಈಗಲೇ ಏನು ಮಾಡಬಹುದು? ನಮ್ಮ ಔಷಧಿ ಕಲೆಸುವ ಜಾಗ ಬಾವಿಯಿಂದ ಸ್ವಲ್ಪವೇ ಮೇಲೆ ಇದೆ. ಅಲ್ಲಿ ಡ್ರಮ್ ತೊಳೆದು ತೊಳೆದು ಕಲ್ಲೆಲ್ಲ ನೀಲಿಯಾಗಿದೆ. ಹುಲ್ಲೂ ಸರಿಯಾಗಿ ಬರೋದಿಲ್ಲ. ಅದರ ಬಗ್ಗೆ ಏನಾದರೂ ಮಾಡಬೇಕಾ?

ಮಣ್ಣು ಲ್ಯಾಬ್, ಶಿವಮೊಗ್ಗ

ಕೊನೆಯದ್ದರಿಂದಲೇ ಶುರು ಮಾಡುತ್ತೇನೆ, ಅದೇ ಎಲ್ಲಕ್ಕಿಂತ ಮುಖ್ಯ. ಇಡೀ ತೋಟದಲ್ಲಿ ತಾಮ್ರ ಅತಿ ಹೆಚ್ಚು ಇರೋದು ಆ ಕಲೆಸುವ ಜಾಗದಲ್ಲೇ. ಅದು ಸಣ್ಣ ಜಾಗ, ಹಾಗಾಗಿ ಅಲ್ಲಿ ಮಾತ್ರ ಮಣ್ಣು ತೆಗೆಯೋದು ಸಾಧ್ಯ. ಮೊದಲು ಕಲೆಸುವ ಕೆಲಸವನ್ನು ಬಾವಿಯಿಂದ ದೂರ, ಸಿಮೆಂಟ್ ಹಾಸಿದ ಕಡೆಗೆ ಬದಲಿಸಿ. ಡ್ರಮ್ ತೊಳೆದ ನೀರನ್ನು ಚೆಲ್ಲಬೇಡಿ, ಮುಂದಿನ ಪಾಕಕ್ಕೆ ಸೇರಿಸಿ. ಹಳೆ ಜಾಗದ ಮಣ್ಣನ್ನು ಅಗೆಯುವ ಮುಂಚೆ ಪರೀಕ್ಷೆಗೆ ಕೊಡಿ. ಬಂದ ಅಂಕಿ ನೋಡಿ ಎಷ್ಟು ಆಳ, ಆ ಮಣ್ಣು ಎಲ್ಲಿಗೆ ಅಂತ ಮಾತಾಡೋಣ. ಅಲ್ಲಿಯವರೆಗೆ ಸುಣ್ಣ ಹರಡಿ, ಮಳೆನೀರು ಅದರ ಮೇಲೆ ಹರಿದು ಬಾವಿ ಕಡೆ ಹೋಗದ ಹಾಗೆ ಒಂದು ಸಣ್ಣ ಬದು ಕಟ್ಟಿ. ಬಾವಿ ನೀರನ್ನೂ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ ಮಾತ್ರ 1.5ರವರೆಗೆ ನಡೆಯುತ್ತದೆ.

ಮಣ್ಣನ್ನು ನಾಲ್ಕು ಕಡೆಯಿಂದ ತೆಗೆಯಿರಿ. ಹಳೆ ತೋಟ, ಹೊಸ ತೋಟ, ಕಲೆಸುವ ಜಾಗ, ಏನೂ ಹೊಡೆಯದ ಬೆಟ್ಟ. ಹಳೆ ತೋಟದಲ್ಲಿ ಮೇಲಿನ ಅರ್ಧ ಅಡಿಯದ್ದು ಒಂದು ಚೀಲ, ಒಂದರಿಂದ ಒಂದೂವರೆ ಅಡಿ ಆಳದ್ದು ಇನ್ನೊಂದು ಚೀಲ. ಬೆರೆಸಬೇಡಿ. ಲ್ಯಾಬಿನಲ್ಲಿ ಗಿಡಕ್ಕೆ ಸಿಗುವ ತಾಮ್ರದ ಜೊತೆ ಒಟ್ಟು ತಾಮ್ರವನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಬೇಕು. ಗುದ್ದಲಿಗೆ, ಬಕೆಟ್ಟಿಗೆ ಔಷಧಿ ಅಂಟಿರಬಾರದು.

ಫಲಿತಾಂಶ ಬರುವ ತನಕ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಅಗಲ ಟಬ್ ತಗೊಂಡು ನಡುವೆ ರಟ್ಟು ನಿಲ್ಲಿಸಿ. ಒಂದು ಕಡೆ ಹಳೆ ತೋಟದ ಮಣ್ಣು, ಇನ್ನೊಂದು ಕಡೆ ಹೊಸ ತೋಟದ್ದು, ಎರಡೂ ಒಂದೇ ಹದ ತೇವ. ರಟ್ಟು ತೆಗೆದು, ನಡುವಿನ ಗೆರೆ ಮೇಲೆ ಹತ್ತು ಎರೆಹುಳ ಬಿಡಿ. ಎರಡು ದಿನ ಬಿಟ್ಟು ಮತ್ತೆ ರಟ್ಟು ಹಾಕಿ ಎರಡೂ ಕಡೆ ಎಣಿಸಿ. ಎರೆಹುಳಕ್ಕೆ ತಾಮ್ರ ಆಗೋದಿಲ್ಲ, ಆ ಕಡೆ ಹೋಗೋದಿಲ್ಲ. ಹುಳಿ ಮಣ್ಣನ್ನೂ ಅದು ಬಿಟ್ಟು ಓಡುತ್ತದೆ, ಹಾಗಾಗಿ ಇದನ್ನೇ ಪೂರ್ತಿ ನಂಬಬೇಡಿ. ಆದರೂ ಹತ್ತಕ್ಕೆ ಒಂಬತ್ತು ಒಂದೇ ಕಡೆ ಹೋದರೆ ಮಣ್ಣಲ್ಲಿ ಏನೋ ತೊಂದರೆ ಇದೆ ಅಂತ ಗೊತ್ತಾಗುತ್ತದೆ.

ಇನ್ನು ಸಸಿ. ಗುಂಡಿ ತುಂಬುವಾಗ ಮೇಲ್ಮಣ್ಣು ಹಾಕಿ ಅಂತ ಎಲ್ಲಾ ಕಡೆ ಹೇಳುತ್ತಾರೆ. ಬೇರೆ ಜಾಗಕ್ಕೆ ಅದು ಸರಿಯಾದ ಮಾತು. ಬೋರ್ಡೋ ಹೊಡೆದ ಹಳೆ ತೋಟದಲ್ಲಿ ಮಾತ್ರ ತಿರುಗಾಮುರುಗಾ. ಅಲ್ಲಿ ತಾಮ್ರ ಇರೋದೇ ಮೇಲ್ಮಣ್ಣಿನಲ್ಲಿ, ಅದನ್ನೇ ಎಳೆ ಬೇರಿನ ಸುತ್ತ ತುಂಬಿದ ಹಾಗಾಗುತ್ತದೆ. ಮುಂದೆ ನೆಡುವಾಗ ಗುಂಡಿಯ ಮೇಲಿನ ಅರ್ಧ ಅಡಿ ಮಣ್ಣನ್ನು ಪಕ್ಕಕ್ಕೆ ಹಾಕಿ. ಕೆಳಗಿನ ಮಣ್ಣು ಇಲ್ಲವೇ ಹೊಸ ಕೆಮ್ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ, ಸ್ವಲ್ಪ ಸುಣ್ಣ ಬೆರೆಸಿ ತುಂಬಿ. ಈಗ ಇರುವ ಸಸಿಗಳಲ್ಲಿ ತೀರಾ ಸೊರಗಿದ್ದನ್ನು ಕಿತ್ತು ಹೀಗೆ ಮತ್ತೆ ನೆಡಿ. ಉಳಿದವಕ್ಕೆ ಬುಡದಲ್ಲಿ ಸುಣ್ಣ ಮತ್ತು ಗೊಬ್ಬರ ಕೊಟ್ಟು ನೋಡಿ.

ದೊಡ್ಡ ಮರಗಳಿಗೆ ಅರ್ಧ ಕೆಜಿ ಸುಣ್ಣ, ಎರಡು ಮೂರು ವರ್ಷಕ್ಕೊಮ್ಮೆ. ರಸಸಾರ ನೋಡುತ್ತಾ ಕೊಡಿ, ಒಂದೇ ಸಲಕ್ಕೆ ಸುರಿಯಬೇಡಿ. ಡೋಲೋಮೈಟ್ ಸಿಕ್ಕರೆ ಇನ್ನೂ ಒಳ್ಳೆಯದು, ಮೆಗ್ನೀಸಿಯಂ ಕೂಡ ಬರುತ್ತದೆ.

ಸುಳ್ಯ ಕಡೆಯವ

ನಾನೂ ಹಳೆ ತೋಟದ ಎರಡು ಚೀಲ ಕಳಿಸುತ್ತೇನೆ ಮೇಡಂ. ಸುಣ್ಣ ಮತ್ತು ಹಟ್ಟಿ ಗೊಬ್ಬರ ಒಟ್ಟಿಗೆ ಹಾಕಬಹುದಾ, ನಡುವೆ ಅಂತರ ಬೇಕಾ?

ಮಣ್ಣು ಲ್ಯಾಬ್, ಶಿವಮೊಗ್ಗ

ದೊಡ್ಡ ಮರಗಳಿಗೆ ಅಂತರ ಬೇಕು. ಹಸಿ ಗೊಬ್ಬರ, ಯೂರಿಯಾ ಜೊತೆ ಸುಣ್ಣ ಸೇರಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಗುಂಡಿಗೆ ನಾನು ಹೇಳಿದ್ದು ಪೂರ್ತಿ ಕಳಿತ ಗೊಬ್ಬರ, ಅದರಲ್ಲಿ ಈ ತೊಂದರೆ ಕಮ್ಮಿ. ಮೊದಲು ಸುಣ್ಣ ಹಾಕಿ ಮಣ್ಣಿಗೆ ಬೆರೆಸಿ, ಮೂರು ನಾಲ್ಕು ವಾರ ಬಿಟ್ಟು ಹಟ್ಟಿ ಗೊಬ್ಬರ ಕೊಡಿ. ಚೀಲದ ಮೇಲೆ ಎಷ್ಟು ವರ್ಷದ ತೋಟ, ವರ್ಷಕ್ಕೆ ಎಷ್ಟು ಸಲ ಬೋರ್ಡೋ ಅಂತ ಬರೆದು ಕಳಿಸಿ. ಸಾಗರದವರೂ ಹಾಗೇ ಮಾಡಿ.